ಪೊಳ್ಳು ಕಬ್ಬಿಣ: ಕಂತು ಏಳು – ಅರ್ಧಕ್ಕೆ ನಿಂತ ಗೆರೆ

"ಇನ್ನೊಮ್ಮೆ ಬಡೀರಿ ಮೇಡಮ್ಮೋರ," ಎಂದ ಬಂದೇಸಾಬ. "ಕಿವಿಗೊಟ್ಟು ಕೇಳ್ರಿ. ಎರಡೂ ಒಂದ ತಾಯಿ ಮಕ್ಕಳಂತ ಅನಸ್ತಾವೇನು?"

ಮಸ್ಕಿ ಠಾಣೆಯ ಹಿತ್ತಲಲ್ಲಿ, ನಾಲ್ಕು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದ ಕಾರಿನ ಕೆಳಗೆ ಪದ್ಮಾವತಿ ಅಂಗಾತ ಮಲಗಿದ್ದಳು. ಬೆನ್ನಡಿಗೆ ಗೋಣಿಚೀಲ, ಕೈಯಲ್ಲಿ ಗೇಣುದ್ದದ ಸುತ್ತಿಗೆ. ಬಲಗಡೆಯ ಮುಂದಿನ ಚಕ್ರ ಹಿಡಿದಿದ್ದ ಆರ್ಮಿಗೆ ಮೆಲ್ಲಗೆ ಬಡಿದಳು. ಟಣ್ ಎಂದಿತು. ಎಡಗಡೆ ಮುರಿದು ಜೋತುಬಿದ್ದದ್ದಕ್ಕೆ ಬಡಿದಳು. ಬಿರುಕು ಬಿಟ್ಟ ಗಡಿಗೆಯ ಹಾಗೆ ಠಪ್ ಎಂದಿತು.

ಆರ್ಮ್ ಎಂದರೆ ಚಕ್ರವನ್ನು ಗಾಡಿಯ ಒಡಲಿಗೆ ಹಿಡಿದಿಡುವ ತೋಳು. ಎರಡು ದಪ್ಪ ತಗಡು ಕೂಡಿಸಿ ಬೆಸೆದದ್ದು, ಒಳಗೆ ಪೊಳ್ಳು. ಅದು ಮುರಿದರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೇರಿಂಗ್ ಹಿಡಿದವನ ಮಾತನ್ನು ಗಾಡಿ ಕೇಳುವುದಿಲ್ಲ.

ಇಪ್ಪತ್ತು ದಿನಗಳ ಹಿಂದೆ, ಮಸ್ಕಿಯಿಂದ ಸಿಂಧನೂರಿಗೆ ಹೊರಟಿದ್ದ ಪಾಮನಕಲ್ಲೂರಿನ ಕರಿಬಸಯ್ಯನವರ ಮಾತನ್ನೂ ಅದು ಕೇಳಲಿಲ್ಲ. ಇಪ್ಪತ್ತಮೂರು ವರ್ಷದ ಹಳೆಯ ಕಾರು ಸೇತುವೆಯ ಗೋಡೆ ಒಡೆದು ಕಾಲುವೆಗೆ ಬಿತ್ತು. ಅವರು ಮೇಲೆ ಬರಲಿಲ್ಲ.

ಆ ಕಾರಿನ ಎರಡೂ ಆರ್ಮುಗಳನ್ನು ಯುಗಾದಿಯ ಮುಂದೆ ಬದಲಿಸಿದವನು ಸಿಂಧನೂರಿನ ಮೆಕ್ಯಾನಿಕ್ ಬಂದೇಸಾಬ. ಎರಡೂ ಹೊಸವು ಎಂದು ಹೇಳಿ, ಒಂದು ಕಡೆ ಗುಜರಿಯ ಹಳೆಯದಕ್ಕೆ ಕಪ್ಪು ಬಣ್ಣ ಬಳಿದು ಹಾಕಿದ್ದಾನೆ ಎಂಬುದು ಪೊಲೀಸರ ತೀರ್ಮಾನ. ಅದಕ್ಕೆ ಮುದ್ರೆ ಒತ್ತಬೇಕಾದವಳು ಪದ್ಮಾವತಿ. ಲಿಂಗಸುಗೂರಿನಲ್ಲಿ ಮೋಟಾರು ವಾಹನ ನಿರೀಕ್ಷಕಿ; ಮಂದಿಯ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಮೇಡಂ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ವರದಿ ಕೊಡಬೇಕು. "ಕೆಲಸಗಾರನ ತಪ್ಪು" ಎಂದು ಬರೆದರೆ ಬಂದೇಸಾಬ ಮಧ್ಯಾಹ್ನದ ಹೊತ್ತಿಗೆ ಜೈಲಿನಲ್ಲಿರುತ್ತಾನೆ.

"ಬಂದೇಸಾಬಣ್ಣ, ನೀ ಸುಮ್ನ ಕುಂದ್ರು," ಎಂದ ಬ್ಯಾಟರಿ ದೀಪ ಹಿಡಿದು ಕೂತಿದ್ದ ಕಾನ್‌ಸ್ಟೆಬಲ್ ದುರುಗೇಶ. "ಮೇಡಮ್ಮೋರಿಗೆ ಕಲಸಾಕ ಬಂದಾನ ಇಲ್ಲಿ."

"ಲೇ ತಮ್ಮಾ, ನಟ್ಟು ಬಿಚ್ಚೋ ಪಾನಾ ಹಿಡಿಯೂದು ನನಗ ಕಲಿಸಿದಾವ್ರ ಇವರಪ್ಪ, ಅಂಬಪ್ಪ ಮಾಸ್ತರು. ಬಸ್ ಡಿಪೋದಾಗ. ಗುರುವಿನ ಮಗಳಿಗೆ ಕಲಸಾಕ ನನಗೇನು ತಲಿ ಕೆಟ್ಟೈತೇನಲೇ?"

"ಅದ ನೋಡಪಾ ತ್ರಾಸು," ದುರುಗೇಶ ದನಿ ತಗ್ಗಿಸಿದ. "ಮೇಡಮ್ಮೋರ, ನಮ್ಮ ಠಾಣೆ ಸಾಹೇಬ್ರು ಅಂತಿದ್ರು. ಅಪ್ಪನ ಶಿಷ್ಯಾ ಅಂತ ಬಿಟ್ಟುಕೊಟ್ಲು ಅಂತ ಮಂದಿ ಅಂತಾರ, ಜ್ವಾಕಿಲೆ ಬರೀಲಿ ಅಂತ."

ಪದ್ಮಾವತಿ ಸುತ್ತಿಗೆ ಪಕ್ಕಕ್ಕಿಟ್ಟಳು. ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ಬಣ್ಣ ಮಂದಿಗಿ, ಸಪ್ಪಳ ನಮಗ.

ಮುರಿದ ಆರ್ಮನ್ನು ಬಿಚ್ಚಿಸಿ ಹೊರಗೆ ತಂದಳು. ಸೀಳಿದ ಬಾಯಿಗೆ ಸ್ಕ್ರೂಡ್ರೈವರಿನ ತುದಿ ಹಾಕಿ ಮೀಟಿದಳು. ತುಕ್ಕು ಪದರು ಪದರಾಗಿ ಎದ್ದು ಬಂತು, ವಾರದ ಹಿಂದಿನ ಖಡಕ್ ರೊಟ್ಟಿ ಮುರಿದ ಹಾಗೆ. ಪದರಿನ ನಡುವೆ ಗಟ್ಟಿಯಾದ ಕರಿ ಕೆಸರು. ಕೆಸರಿನಲ್ಲಿ ಭತ್ತದ ಹೊಟ್ಟು. ಅಂಚಿಗೆಲ್ಲ ಉಪ್ಪು ಕಟ್ಟಿದ ಹಾಗೆ ಬಿಳಿ ಬಿಳಿ.

"ಕಾಲುವ್ಯಾಗ ಬಿದ್ದಿತ್ತಲ್ರೀ, ಕೆಸರು ಇರೂದ," ಎಂದ ದುರುಗೇಶ.

"ಒಂದಿನದ ಕೆಸರು ಹೊರಗ ಅಂಟತೈತಿ ದುರುಗೇಶ. ಇದು ತುಕ್ಕಿನ ನಡುವ ಕುಂತೈತಿ. ಒಂದು ಪದರ ತುಕ್ಕು, ಒಂದು ಪದರ ಕೆಸರು, ಮತ್ತ ತುಕ್ಕು. ಏಳೆಂಟು ವರ್ಷದ ಬಾಳೇ ಇದು."

"ಬೆಳ್ಳಗಿರೂದು ಏನ್ರೀ?"

ಆಕೆ ಬೆರಳಿನಿಂದ ಒಂದು ಚೂರು ಉಜ್ಜಿ ಮೂಗಿನ ಹತ್ತಿರ ಹಿಡಿದಳು. "ಗೊಬ್ಬರ. ಗೊಬ್ಬರದ ಚೀಲ ಹೊತ್ತು ಭತ್ತದ ಗದ್ದ್ಯಾಗ ಓಡಾಡಿದ ಗಾಡೀದು. ಕರಿಬಸಯ್ಯನವರ ಊರಾಗ ಭತ್ತ ಎಲ್ಲೈತಿ?"

ಬ್ಯಾಟರಿಯನ್ನು ಕಾರಿನ ತಳಕ್ಕೆ ತಿರುಗಿಸಿದಳು. ಅಲ್ಲೂ ತುಕ್ಕಿತ್ತು. ಆದರೆ ಒಣಭೂಮಿಯ ಗಾಡಿಗೆ ಬರುವಂಥ ತೆಳುವಾದ ಕೆಂಪು ಪುಡಿ, ಒರೆಸಿದರೆ ಬಟ್ಟೆಗೆ ಬರುವಂಥದ್ದು. ಬಲಗಡೆಯ ಆರ್ಮ್ ಹೊಸದೇ ಇತ್ತು, ಅದರ ತುದಿಗೆ ಎರಡು ಸಣ್ಣ ಚುಕ್ಕಿ ಒತ್ತಿದ್ದವು. ಬಂದೇಸಾಬ ತಾನು ಹಾಕಿದ ಪ್ರತಿಯೊಂದು ಸಾಮಾನಿಗೂ ಒತ್ತುವ ಗುರುತು. ಎಡಗಡೆಯದಕ್ಕೆ ಚುಕ್ಕಿ ಇರಲಿಲ್ಲ.

"ನಾ ಹಾಕಿದ್ದನ್ನ ಯಾರೋ ಬಿಚ್ಚಿ ಇದನ್ನ ಹಾಕ್ಯಾರ್ರೀ," ಎಂದ ಬಂದೇಸಾಬ. ಎಷ್ಟು ಸಲ ಹೇಳಿದ್ದನೋ, ದನಿಯಲ್ಲಿ ಬಲವೇ ಉಳಿದಿರಲಿಲ್ಲ. "ಚುಕ್ಕಿ ಒತ್ತೂದು ಮರತಿ ಅಂತಾರ. ನಲವತ್ತು ವರ್ಷದಾಗ ಮರೀಲಾರದ್ದು ಅವತ್ತ ಮರತ್ನೇನ್ರೀ?"

ಸೀಮೆಎಣ್ಣೆಯ ಚಿಂದಿಯಿಂದ ಪದ್ಮಾವತಿ ಮುರಿದ ಆರ್ಮಿನ ಮೇಲ್ಮೈ ಒರೆಸಿದಳು. ಕೆಸರು ಹೋಯಿತು. ಕೆಳಗೆ ಕಪ್ಪು ಬಣ್ಣ. ಬಣ್ಣದ ನಡುವೆ ಮಾಸಲು ಬಿಳಿಯದೇನೋ ಕಂಡಿತು. ಇನ್ನಷ್ಟು ಒರೆಸಿದಳು. ಅದು ಹೋಗಲಿಲ್ಲ, ಇನ್ನೂ ತಿಳಿಯಾಯಿತು.

ಅಡ್ಡಕ್ಕೆ ಎಳೆದ ಮೂರು ಗೆರೆ.

"ವಿಭೂತಿ," ಎಂದ ಬಂದೇಸಾಬ ಪಿಸುದನಿಯಲ್ಲಿ.

"ನೀರಾಗ ಬಿದ್ದರೂ ಹ್ಯಾಂಗ ಉಳೀತ್ರೀ?" ದುರುಗೇಶ ಬಗ್ಗಿ ನೋಡಿದ.

"ಬಣ್ಣ ಹಸಿ ಇದ್ದಾಗ ಹಚ್ಚ್ಯಾರ. ಬಣ್ಣದ ಜೋಡಿನ ಒಣಗೇತಿ." ಪದ್ಮಾವತಿ ಉಗುರಿನಿಂದ ಕೆರೆದು ನೋಡಿದಳು. "ಮುರೀಲಿ ಅಂತ ಹಾಕಿದ ಕಬ್ಬಣಕ್ಕ ವಿಭೂತಿ ಯಾರು ಹಚ್ಚತಾರ?"

"ಅವರ ಮನ್ಯಾವ್ರ ಹಚ್ಚತಾರ್ರೀ," ಎಂದ ಬಂದೇಸಾಬ. "ಕರಿಬಸಯ್ಯನವರ ಮನ್ಯಾಗ ಕುಡಗೋಲಿಗೆ ಹೊಸಾ ಹಿಡಿಕಿ ಹಾಕಿದ್ರೂ ವಿಭೂತಿ ಹಚ್ಚಲಾರದ ಹೊಲಕ್ಕ ಒಯ್ಯಂಗಿಲ್ಲ. ಬೋರಿನ ಮೋಟರು, ಟ್ರ್ಯಾಕ್ಟರಿನ ನಟ್ಟು, ಎಲ್ಲಾಕ್ಕೂ. ನನ್ನ ಗ್ಯಾರೇಜಿಗೆ ಬಂದ್ರೂ ಅವರು ಹಚ್ಚೂತನ ನಾ ಬಿಗೀತಿದ್ದಿಲ್ಲ. ಅದು ವಿಚಾರ ಮಾಡಿ ಮಾಡೂದಲ್ರೀ. ಕೈಗೆ ಬಿದ್ದ ರೂಢಿ."

ಕೊಲ್ಲಲು ಸಿದ್ಧಮಾಡಿದ ಕಬ್ಬಿಣಕ್ಕೂ ರೂಢಿ ಬಿಡದ ಕೈ. ಪದ್ಮಾವತಿ ಆ ಗೆರೆಗಳನ್ನೇ ನೋಡಿದಳು. ಮೇಲಿನ ಎರಡು ಉದ್ದವಾಗಿ, ಒಂದೇ ಅಳತೆಯಲ್ಲಿದ್ದವು. ಕೆಳಗಿನದು ತಡವಾಗಿ ಶುರುವಾಗಿ ಅರ್ಧಕ್ಕೇ ನಿಂತಿತ್ತು.

"ಇದು ಕರಿಬಸಯ್ಯನವರದೇನು?"

"ಅಲ್ಲಾ ಅಂದ್ರ ಅಲ್ಲಾ. ಅವರದು ಮೂರೂ ಪಟ್ಟಿ ಇಟ್ಟು ಎಳದಂಗ ಬರ್ತಿದ್ವು. ಇದು ಬೆರಳು ಮೊಂಡ ಇದ್ದಾವ್ರು ಹಚ್ಚಿದ್ದು ನೋಡ್ರಿ. ಕೆಳಗಿನ ಗೆರಿ ಎಳೆಯೂದು ಉಂಗುರದ ಬೆರಳು."

ದುರುಗೇಶ ಒಳಗೆ ಹೋಗಿ ಪಂಚನಾಮೆ ನೋಡಿ ಬಂದ. ಸತ್ತವರ ಹತ್ತೂ ಬೆರಳು ಸರಿಯಾಗಿದ್ದವು. ಬಂದೇಸಾಬ ಕೇಳುವ ಮೊದಲೇ ಎರಡೂ ಕೈ ಮುಂದೆ ಚಾಚಿದ. ಗ್ರೀಸು ಕೂತು ಕಪ್ಪಾದ, ಆದರೆ ಪೂರಾ ಹತ್ತು ಬೆರಳು.

"ಸಾಹೇಬ್ರಿಗೆ ಗೆರಿ ತೋರಿಸಿದ್ರ ಹೆಸರು ಕೇಳ್ತಾರ್ರೀ," ಎಂದ ದುರುಗೇಶ. "ಹೆಸರಿಲ್ಲದ ಗೆರಿ ತಗೊಂಡು ಅವರೇನು ಮಾಡ್ಯಾರು?"

ಪದ್ಮಾವತಿ ಗೆರೆಗಳ ಫೋಟೋ ತೆಗೆದುಕೊಂಡು ಲಿಂಗಸುಗೂರಿನ ಕಚೇರಿಗೆ ಫೋನು ಮಾಡಿದಳು. ದಾಖಲೆ ನೋಡುವ ಅಮರೇಶ್ವರಿ ಹತ್ತು ನಿಮಿಷದಲ್ಲಿ ತಿರುಗಿ ಮಾಡಿದಳು. ಇದೇ ಮಾದರಿಯ ಕಾರು ಈ ಮೂರು ತಾಲ್ಲೂಕಿನಲ್ಲಿ ಉಳಿದಿರುವುದು ಇನ್ನೆರಡೇ. ಒಂದು ಲಿಂಗಸುಗೂರಿನಲ್ಲಿ ಈಗಲೂ ಓಡುತ್ತಿದೆ. ಇನ್ನೊಂದರ ಎಫ್‌ಸಿ ಎಂಬ ಓಡಾಟದ ಯೋಗ್ಯತಾಪತ್ರ ಮುಗಿದು ಆರು ವರ್ಷ. ತುರ್ವಿಹಾಳದ ಗುರುಬಸವ ಎಂಬುವರ ಹೆಸರಿನಲ್ಲಿದೆ. ಗೊಬ್ಬರದ ಅಂಗಡಿ.

"ಗುರುಬಸವ?" ಬಂದೇಸಾಬ ಎದ್ದು ನಿಂತ. "ಕರಿಬಸಯ್ಯನವರ ಹೆಂಡ್ತಿ ಕಲ್ಯಾಣಮ್ಮೋರ ಖಾಸಾ ತಮ್ಮರೀ ಅಂವ."

*

ತುರ್ವಿಹಾಳ ಮುಟ್ಟುವಾಗ ಹನ್ನೆರಡು ದಾಟಿತ್ತು. ರಸ್ತೆಯ ಎರಡೂ ಬದಿ ಹಸಿರು ಭತ್ತ, ಗದ್ದೆಯ ನೀರಲ್ಲಿ ಬಗ್ಗಿದ ಹೆಂಗಸರು. ಪದ್ಮಾವತಿ ಸ್ಕೂಟಿಯನ್ನು ಗುರುಬಸವನ ಮನೆಯ ಗೇಟಿನೊಳಗೆ, ಮೆಟ್ಟಿಲ ಪಕ್ಕ ನಿಲ್ಲಿಸಿದಳು. ಮನೆಗೆ ಹೊಂದಿಕೊಂಡೇ ಗೊಬ್ಬರದ ಗೋದಾಮು.

ಬಾಗಿಲಿಗೆ ಬಂದವರು ಕಲ್ಯಾಣಮ್ಮ. ಗಂಡ ಸತ್ತ ದಿನಗಳ ಕಾರ್ಯ ಮುಗಿದ ಮೇಲೆ ತಮ್ಮ ಗುರುಬಸವ ಅವರನ್ನು ತವರಿಗೆ ಕರೆತಂದಿದ್ದ. ಐವತ್ತೈದರ ಹೆಂಗಸು. ಹಣೆಯ ಮೇಲೆ ವಿಭೂತಿ, ಸೆರಗು ಮೈತುಂಬ.

"ಬಾ ಯವ್ವಾ, ಬಿಸಲಾಗ ಬಂದೀದಿ. ಗುರು ಗಿರಾಕಿ ಜೋಡಿ ಅದಾನ, ಬರ್ತಾನ. ಕುಂದ್ರು, ಚಾ ಕುಡಿ."

"ಬ್ಯಾಡ್ರಿ ಅಮ್ಮಾರ, ಹಳೇ ಗಾಡಿ ಎಫ್‌ಸಿ ಸಲುವಾಗಿ ಬಂದೀನಿ."

"ಚಾ ಕುಡದ್ರ ಗಾಡಿ ಓಡಿ ಹೊಕ್ಕತೇನು?" ಕಲ್ಯಾಣಮ್ಮ ಸ್ವಲ್ಪ ನಕ್ಕರು, ನಕ್ಕದ್ದು ತಪ್ಪಾಯಿತೇನೋ ಎಂಬಂತೆ ನಿಲ್ಲಿಸಿದರು. "ಹೋದ ತಿಂಗಳು ಪಂಚಮಿಗೆ ಬಂದಾಗ ಇದ ಪಡಸಾಲ್ಯಾಗ ಕುಂತು ಉಂಡಿ ಕಟ್ಟೀನಿ. ಈಗ ಹೀಂಗ ಬಂದೆ. ಯಾರ ಹಣ್ಯಾಗ ಏನೈತೋ."

ಚಹಾ ತಂದಾಗ ಕಪ್ಪನ್ನು ಬರಿಗೈಯಲ್ಲಿ ಹಿಡಿದಿರಲಿಲ್ಲ. ಬಲಗೈ ಪೂರಾ ಸೆರಗಿನಲ್ಲಿ ಸುತ್ತಿ, ಆ ಸೆರಗಿನಲ್ಲೇ ಕಪ್ಪು ಹಿಡಿದು, ದೂರದಿಂದ ಮುಂದೆ ಚಾಚಿದರು.

ಪದ್ಮಾವತಿಗೆ ಅದು ಹೊಸದಲ್ಲ. ಸಾಹೇಬಳಾಗಿ ಹನ್ನೊಂದು ವರ್ಷವಾದರೂ ಇಂಥ ಮನೆಗಳಲ್ಲಿ ಕೈ ತಾಗದಂತೆ ಕಪ್ಪು ಕೊಡುವ ನೂರು ಬಗೆ ಆಕೆ ನೋಡಿದ್ದಳು. ಅಪ್ಪನ ಹೆಸರು ಕೇಳಿದ ಮೇಲೆ ಕೆಲವರು ಕೊಡುತ್ತಲೂ ಇರಲಿಲ್ಲ. ಇವರು ಪಾಪ, ಕೊಟ್ಟಾದರೂ ಕೊಟ್ಟರು. ಕುಡಿದು ಕಪ್ಪನ್ನು ತಾನೇ ತೊಳೆದಿಟ್ಟಳು.

ಅಷ್ಟರಲ್ಲಿ ಗುರುಬಸವ ಬಂದ. ನಲವತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಆ ಗಾಡಿ ಸಲುವಾಗಿ ಇಲ್ಲೀತನ ಬಂದ್ರೇನ್ರೀ ಮೇಡಂ? ಗುಜರಿಗೆ ಹಾಕೂದದು. ಬರ್ರಿ, ನೋಡ್ರಿ."

ಗೋದಾಮಿನ ಕಟ್ಟಕಡೆಯ ಮೂಲೆಯಲ್ಲಿ, ತಾಡಪಾಲಿನ ಕೆಳಗೆ ಕಾರು ಕೂತಿತ್ತು. ಮೇಲೆ ಯೂರಿಯಾ ಚೀಲ, ಬಾನೆಟ್ಟಿನ ಮೇಲೆ ಪೊಟ್ಯಾಷ್ ಚೀಲ. ನೆಲವೆಲ್ಲ ತೇವ. ಬಾಗಿಲ ಅಂಚು ಉದುರಿ ಜರಡಿಯಾಗಿತ್ತು. ಎಡಗಡೆಯ ಮುಂಭಾಗ ಇಟ್ಟಿಗೆಯ ಮೇಲೆ ನಿಂತಿತ್ತು.

ಪದ್ಮಾವತಿ ಮೊಣಕಾಲೂರಿ ಕೂತು ಬ್ಯಾಟರಿ ಬಿಟ್ಟಳು. ಆರ್ಮ್ ಇರಬೇಕಾದ ಕಡೆ ಬರಿದು.

"ಈ ಕಡಿ ಆರ್ಮ್ ಎಲ್ಲೈತ್ರಿ?"

"ನನಗೇನು ಗೊತ್ರೀ. ಆರು ವರ್ಷಾತು ನಿಂತು. ಇಲಿ ಹೆಗ್ಗಣ ಭಾಳ ಅದಾವಿಲ್ಲಿ."

"ಪಾನಾ ಹಿಡಿಯೋ ಹೆಗ್ಗಣಾನ್ರೀ?" ಆಕೆ ಬ್ಯಾಟರಿಯ ಬೆಳಕನ್ನು ಬೋಲ್ಟಿನ ಮೇಲೆ ನಿಲ್ಲಿಸಿದಳು. "ಆರು ವರ್ಷ ಮುಟ್ಟಲಾರದ ಬೋಲ್ಟು ಹೀಂಗ ಹೊಳೆಯಂಗಿಲ್ಲ. ಎಣ್ಣಿ ಹಾಕಿ ನೆನಸಿ ಬಿಚ್ಚ್ಯಾರ. ಆಚೀಚಿ ಎಲ್ಲಾ ತುಕ್ಕು, ಇದಷ್ಟ ಬೆಳ್ಳಿ."

"ಹಮಾಲರು ಬಿಚ್ಚಿ ಮಾರ್ಕೊಂಡಿರಬೇಕು ಬಿಡ್ರಿ."

"ಬಣ್ಣ ಹಚ್ಚಿ ಮಾರ್ತಾರೇನು?"

ಇಟ್ಟಿಗೆಯ ಪಕ್ಕ ಕಪ್ಪು ಬಣ್ಣದ ಡಬ್ಬಿ ಇತ್ತು. ಅದರಲ್ಲಿ ಬ್ರಷ್ಷು ಕಚ್ಚಿಕೊಂಡು ಒಣಗಿತ್ತು. ನೆಲಕ್ಕೆ ಹಾಸಿದ ಖಾಲಿ ಗೊಬ್ಬರ ಚೀಲದ ಮೇಲೆ ಕಪ್ಪು ಹನಿ, ಹನಿಗಳ ನಡುವೆ ಒಂದು ಮೊಳದ ಬರಿ ಜಾಗ. ಯಾವುದೋ ಸಾಮಾನು ಇಟ್ಟು ಬಣ್ಣ ಬಳಿದಿದ್ದರು. ಆ ಸಾಮಾನಿನ ಆಕಾರ ಇನ್ನೂ ಅಲ್ಲೇ ಉಳಿದಿತ್ತು.

ಗುರುಬಸವ ಅದನ್ನು ನೋಡಿದ.

"ನಿಮ್ಮ ಅಕ್ಕನ ಗಂಡಗೂ ನಿಮಗೂ ಹ್ಯಾಂಗಿತ್ರಿ?"

"ಮಾವ ನಮ್ಮ ಹೊಸ್ತಿಲ ತುಳದು ಎರಡು ವರ್ಷಾತು. ಅದು ಮನಿತನದ ಮಾತು. ಬ್ರೇಕ್ ಇನ್‌ಸ್ಪೆಕ್ಟರಿಗೆ ಯಾಕ ಬೇಕು?"

"ನನಗ ಕಬ್ಬಣ ಅಷ್ಟ ಬೇಕು." ಪದ್ಮಾವತಿ ಮೊಬೈಲಿನಲ್ಲಿ ಫೋಟೋ ತೆರೆದು ಅವನ ಮುಂದೆ ಹಿಡಿದಳು. "ಇಲ್ಲಿಂದ ಹೋದ ಕಬ್ಬಣ ಮಸ್ಕ್ಯಾಗ ಐತಿ. ಬಣ್ಣ ಹಸಿ ಇದ್ದಾಗನ ಯಾರೋ ವಿಭೂತಿ ಹಚ್ಚ್ಯಾರ. ಅಂದ್ರ ಹಚ್ಚಿದಾವ್ರು ಅವತ್ತು ಇಲ್ಲೇ, ಈ ಜಾಗಾದಾಗ ನಿಂತಿದ್ರು. ಕೆಳಗಿನ ಗೆರಿ ನೋಡ್ರಿ. ಬೆರಳು ಮೊಂಡ."

ಅವನು ಫೋಟೋ ನೋಡಿದ. ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಆಮೇಲೆ ಎರಡೂ ಕೈ ಎತ್ತಿ ಆಕೆಯ ಮುಖದ ಮುಂದೆ ಬಿಡಿಸಿ ಹಿಡಿದ.

"ಎಣಿಸ್ರೀ. ಹತ್ತೂ ಅದಾವ."

ಅವು ಪೂರ್ತಿಯಾಗಿಯೇ ಇದ್ದವು.

"ಸಾಮಾನು ಹೋಗಿದ್ದು ನನಗ ಗೊತ್ತಿಲ್ಲ," ಎಂದ. ಯಾರೂ ಕೇಳದಿದ್ದರೂ ಮುಂದುವರಿಸಿದ, "ಅಕ್ಕಗ ಇದರಾಗ ಏನೇನೂ ಗೊತ್ತಿಲ್ರೀ."

"ಅಕ್ಕನ ಸುದ್ದಿ ನಾ ಎತ್ತಿಲ್ಲಲ್ರಿ."

ಹೊರಗೆ ಅಂಗಡಿಯ ಕಡೆಯಿಂದ ಯಾರೋ ಕೂಗಿದರು. "ಗುರಣ್ಣಾ, ಯೂರಿಯಾ ಕೊಡತೀಯೋ, ನಾಟಿ ಮುಗದ ಮ್ಯಾಲೆ ಕೊಡತೀಯೋ?" ಗುರುಬಸವ ಬಿಡುಗಡೆ ಸಿಕ್ಕವನಂತೆ ಆ ಕಡೆ ನಡೆದ.

*

ಪದ್ಮಾವತಿ ಅಂಗಳಕ್ಕೆ ಬಂದಳು. ಕಬ್ಬಿಣ ಸಿಕ್ಕಿತ್ತು, ಜಾಗ ಸಿಕ್ಕಿತ್ತು. ಕೈ ಸಿಕ್ಕಿರಲಿಲ್ಲ. ನಾಳೆ ಹನ್ನೊಂದಕ್ಕೆ ಸಾಹೇಬರು ಕೇಳುವುದು ಕೈಯನ್ನೇ. ಹಮಾಲರು ಕದ್ದು ಬಂದೇಸಾಬನಿಗೇ ಮಾರಿದರು ಎಂದು ಗುರುಬಸವ ಒಂದು ಮಾತು ಹೇಳಿದರೆ ಸಾಕು, ಇಲ್ಲಿ ಕಂಡದ್ದೆಲ್ಲ ತಿರುಗಿ ಆ ಬಡವನ ಕೊರಳಿಗೇ ಬೀಳುತ್ತದೆ.

"ಹಂಗ ಹೊಂಟಿ ಏನ ಯವ್ವಾ?"

ಕಲ್ಯಾಣಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಎಡಗೈಯಲ್ಲಿ ವಿಭೂತಿಯ ಸಣ್ಣದೊಂದು ಕಟ್ಟಿಗೆಯ ಕರಡಿಗೆ.

"ಬಿಸಲಾಗ ದೂರ ಹೋಗಾಕಿ. ನಮ್ಮ ಮನಿಯಿಂದ ಯಾರೂ ಬರೇ ಹಣಿಲೆ ಹೋಗಂಗಿಲ್ಲ. ಕಣ್ಣು ಮುಚ್ಚು, ಪುಡಿ ಬೀಳ್ತೈತಿ."

ಪದ್ಮಾವತಿಯ ಮನೆಯಲ್ಲಿ ವಿಭೂತಿಯ ರೂಢಿ ಇರಲಿಲ್ಲ. ಆದರೂ ಬೇಡವೆನ್ನಲಿಲ್ಲ. ಕಣ್ಣು ಮುಚ್ಚಿದಳು. ಹಣೆಯ ಮೇಲೆ ತಣ್ಣನೆಯ ಬೆರಳು ಅಡ್ಡಕ್ಕೆ ಹರಿದವು. ಅಂಜಿಕೆಯಿಲ್ಲದ, ಮಗಳ ಹಣೆ ಮುಟ್ಟುವಂಥ ಕೈ.

ಹಾಗಾದರೆ ಚಹಾದ ಕಪ್ಪು ಕೊಟ್ಟಾಗ ತಾನು ಅಂದುಕೊಂಡದ್ದು ತಪ್ಪು. ತನ್ನನ್ನು ಮುಟ್ಟಬಾರದೆಂದು ಹಿಡಿದ ಸೆರಗಲ್ಲ ಅದು. ಪದ್ಮಾವತಿಗೆ ಸ್ವಲ್ಪ ನಾಚಿಕೆಯಾಯಿತು.

"ಬರ್ತೀನ್ರಿ ಅಮ್ಮಾರ," ಎಂದು ಸ್ಕೂಟಿಯ ಹತ್ತಿರ ಬಂದಳು. ಕೂತು, ಕನ್ನಡಿ ಸರಿಮಾಡಿಕೊಂಡಳು. ಕನ್ನಡಿಯಲ್ಲಿ ತನ್ನದೇ ಮುಖ.

ಹಣೆಯ ಮೇಲೆ ಎರಡು ಗೆರೆ ಉದ್ದವಾಗಿ, ಒಂದೇ ಅಳತೆಯಲ್ಲಿ. ಮೂರನೆಯದು ತಡವಾಗಿ ಶುರುವಾಗಿ ಅರ್ಧಕ್ಕೇ ನಿಂತಿತ್ತು.

ಆಕೆ ಅಲುಗಾಡಲಿಲ್ಲ. ಕೈಗೆ ಸೆರಗು ಸುತ್ತಿದ್ದು ಜಾತಿ ನೋಡಿ ಅಲ್ಲ. ಎಂದೋ ಬೆರಳು ಕಳೆದುಕೊಂಡ ಹೆಂಗಸು ಹೊರಗಿನವರ ಮುಂದೆ ಕೈ ಮುಚ್ಚಿಕೊಳ್ಳುವುದನ್ನು ಕಲಿತಿದ್ದಳು, ಅಷ್ಟೇ. ಅದನ್ನು ಕಾಣಬೇಕಾದ ಹೊತ್ತಿನಲ್ಲಿ ತಾನು ಹಳೆಯ ಗಾಯ ನೋಡಿಕೊಳ್ಳುತ್ತ ಕೂತಿದ್ದಳು. ಪಂಚಮಿಗೆ ಬಂದು ಉಂಡಿ ಕಟ್ಟಿದೆ ಎಂದು ಆಕೆಯೇ ಹೇಳಿದ್ದರಲ್ಲ. ಗಾಡಿ ಕಾಲುವೆಗೆ ಬೀಳುವ ಮುಂಚೆ ಆಕೆ ಈ ಮನೆಯಲ್ಲಿದ್ದರು.

ಗಂಡನ ಗಾಡಿಗೆ ಒಳ್ಳೆಯದಾಗಲಿ ಎಂದು ಹಚ್ಚಿದ ಕೈಯೋ? ಎಲ್ಲ ಗೊತ್ತಿದ್ದೂ ಹಚ್ಚಿದ ಕೈಯೋ? ಗೆರೆ ಅದನ್ನು ಹೇಳುವುದಿಲ್ಲ.

ಹಣೆಯಿಂದ ಬೆವರು ಇಳಿಯತೊಡಗಿತು. ಒರೆಸುವಂತಿರಲಿಲ್ಲ. ಬಂದೇಸಾಬನನ್ನು ಉಳಿಸುವ ಸಾಕ್ಷಿ ಇರುವುದು ಅಲ್ಲೇ. ಆಕೆ ಮೊಬೈಲಿಗಾಗಿ ಕೈಚೀಲಕ್ಕೆ ಕೈ ಹಾಕಿದಳು.

ಆಗ ಕನ್ನಡಿಯಲ್ಲಿ, ಬೆನ್ನ ಹಿಂದೆ, ಗುರುಬಸವ ಕಾಣಿಸಿದ. ಅಂಗಡಿಯಿಂದ ಗೇಟಿನ ಕಡೆ ಬರುತ್ತಿದ್ದವನು ಕನ್ನಡಿಯೊಳಗಿನ ಹಣೆ ನೋಡಿ ನಿಂತ. ಮರುಗಳಿಗೆ ಮೆಟ್ಟಿಲು ಹತ್ತಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಕಲ್ಯಾಣಮ್ಮ ತಮ್ಮ ಬಲಗೈಯನ್ನು ಎತ್ತಿ ಹಿಡಿದು, ಮೊದಲ ಸಲ ನೋಡುವವರಂತೆ ನೋಡಿಕೊಂಡರು.

ಗುರುಬಸವ ಕೆಳಗಿಳಿದು ಹೋಗಿ ಗೇಟಿನ ಚಿಲಕ ಹಾಕಿದ.

"ಯವ್ವಾ, ಒಂದೀಟು ನಿಂದ್ರು," ಕಲ್ಯಾಣಮ್ಮ ಸೆರಗಿನ ತುದಿ ಹಿಡಿದುಕೊಂಡು ಬಂದರು. "ಗೆರಿ ಸರಿ ಮೂಡಿಲ್ಲ ಅಂತಾನ ಗುರು. ಒರಸಿ ಇನ್ನೊಮ್ಮೆ ಹಚ್ಚತೀನಿ."

ಸೆರಗು ಹಣೆಯ ಹತ್ತಿರ ಬಂತು. ಪದ್ಮಾವತಿ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಒಡ್ಡಲೂ ಇಲ್ಲ. ಆ ಮುಖವನ್ನೇ ನೋಡಿದಳು. ಇಷ್ಟು ಹತ್ತಿರದಿಂದ ಅದರಲ್ಲಿ ಸಿಟ್ಟು ಕಾಣಲಿಲ್ಲ, ಅಂಜಿಕೆಯೂ ಕಾಣಲಿಲ್ಲ.

ಒಂದು ಬೆರಳಿನಷ್ಟು ದೂರದಲ್ಲಿ ಸೆರಗು ನಿಂತಿತು. ಗೇಟಿನ ಹತ್ತಿರ ನಿಂತ ತಮ್ಮನಿಗೆ ಕೇಳದಂಥ ದನಿಯಲ್ಲಿ ಕಲ್ಯಾಣಮ್ಮ ಕೇಳಿದರು:

"ನೀರಾಗ ಮುಳುಗಿದರೂ ಹೋಗಿಲ್ಲೇನ ಯವ್ವಾ, ನಾ ಹಚ್ಚಿದ್ದು?"